ಬೆಳಗಿನ ಭೈರವಿಯವರೆಗೆ ಕುಳಿತವರು: ವಡಗಾವಿಯ ಹಿರಿಯರ ಸಂಗೀತ ಸ್ಮರಣೆ

ವಡಗಾವಿಯಲ್ಲಿ ಹುಟ್ಟಿ ಬೆಳೆದವರು ಮೊದಲು ಕೇಳುವ ತಾಳವೆಂದರೆ ಮಗ್ಗದ ಸದ್ದು. ಶಹಾಪುರಕ್ಕೆ ಹೊಂದಿಕೊಂಡಂತಿರುವ ಈ ನೇಕಾರರ ಬಡಾವಣೆಯಲ್ಲಿ ಒಂದು ಕಾಲಕ್ಕೆ ಮನೆಮನೆಯಲ್ಲಿಯೂ ಕೈಮಗ್ಗವಿತ್ತು. ಲಾಳಿಯು ಅತ್ತಿಂದಿತ್ತ ಓಡುವ ಸಪ್ಪಳದೊಡನೆ ವಚನವನ್ನೋ ಅಭಂಗವನ್ನೋ ರಂಗಗೀತೆಯನ್ನೋ ಗುನುಗುತ್ತ ಹಿರಿಯರು ಸೀರೆ ನೇಯುತ್ತಿದ್ದರು. ವಿದ್ಯುತ್ ಮಗ್ಗಗಳು ಬಂದ ಮೇಲೆ ನೇಯ್ಗೆಯ ವೇಗ ಹೆಚ್ಚಿತು; ಆದರೆ ಆ ಗದ್ದಲದಲ್ಲಿ ಗುನುಗುವ ದನಿಯು ಮುಳುಗಿಹೋಯಿತು.

ನನ್ನ ತೀರ್ಥರೂಪರೂ ಮಗ್ಗದ ಮುಂದೆ ಕುಳಿತೇ ಬಾಳು ಸವೆಸಿದವರು. ಮಿತಭಾಷಿಗಳು. ಆದರೆ ವರ್ಷಕ್ಕೆ ನಾಲ್ಕಾರು ಸಲ ರಾತ್ರಿ ಪ್ರಸಾದ ಮುಗಿಸಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಸಂಗೀತ ಕೇಳಲು ಹೊರಟುಬಿಡುತ್ತಿದ್ದರು. ಮರಳುತ್ತಿದ್ದುದು ಕೋಳಿ ಕೂಗಿದ ಮೇಲೆಯೇ. ಸ್ನಾನ, ಲಿಂಗಪೂಜೆ ಮುಗಿಸಿ ಮತ್ತೆ ಮಗ್ಗಕ್ಕೆ ಕುಳಿತುಕೊಳ್ಳುವರು. ಆ ದಿನ ಅವರ ಮುಖದಲ್ಲಿ ನಿದ್ದೆಗೆಟ್ಟ ದಣಿವು ಕಾಣುತ್ತಿರಲಿಲ್ಲ. ಎಲ್ಲಿಗೆ ಹೋಗಿದ್ದಿರಿ, ಯಾರ ಹಾಡು ಕೇಳಿದಿರಿ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಹುಡುಗುತನದಲ್ಲಿ ಅದು ಬೇಕೆನಿಸಲಿಲ್ಲ. ದೊಡ್ಡವನಾದ ಮೇಲೆ ಬಿಡುವಿರಲಿಲ್ಲ.

ಅವರು ಲಿಂಗೈಕ್ಯರಾದ ಮೇಲೆ ಅವರ ಹಳೆಯ ಟ್ರಂಕನ್ನು ತೆಗೆದು ನೋಡಿದಾಗ ಮಗ್ಗದ ಲೆಕ್ಕದ ಚೀಟಿಗಳ ನಡುವೆ ಹಳದಿಯಾದ ಒಂದು ಕಾರ್ಯಕ್ರಮ ಪತ್ರಿಕೆ ದೊರೆಯಿತು. ಮೇಲಿನ ಅರ್ಧವನ್ನು ಹುಳು ತಿಂದುಹಾಕಿತ್ತು. ಗಾಯಕರ ಹೆಸರು, ಸ್ಥಳ, ತಿಥಿ ಯಾವುದೂ ಉಳಿದಿರಲಿಲ್ಲ. ಉಳಿದಿದ್ದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಮೂರು ರಾಗಗಳ ಹೆಸರುಗಳಿದ್ದವು: ಪೂರಿಯಾ, ಮಾಲಕಂಸ, ಲಲಿತ. ಅವುಗಳ ಕೆಳಗೆ ತಂದೆಯವರ ದುಂಡಗಿನ ಅಕ್ಷರದಲ್ಲಿ ಒಂದೇ ಮಾತು: "ಇಂಥ ಇರುಳು ಮತ್ತೆ ಬರಲಿಕ್ಕಿಲ್ಲ."

ಅದು ಯಾವ ಇರುಳು? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ನಮ್ಮ ಓಣಿಯ, ನೆರೆಯ ಶಹಾಪುರದ, ಟಿಳಕವಾಡಿಯ ಹಿರಿಯ ಶ್ರೋತೃಗಳ ಮನೆಗಳಿಗೆ ಹೋದೆನು. ಉತ್ತರಕ್ಕಿಂತ ಮೊದಲು ಅವರ ನೆನಪುಗಳ ಒಂದು ಭಂಡಾರವೇ ನನ್ನ ಮುಂದೆ ತೆರೆಯಿತು. ಅದರಲ್ಲಿ ಕೆಲವನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಟಿಳಕವಾಡಿಯ ಆ ಸಭೆ

ಬೆಳಗಾವಿಯ ಹಿರಿಯರೊಡನೆ ಸಂಗೀತದ ಮಾತು ತೆಗೆದರೆ ಅದು ಬಹುಮಟ್ಟಿಗೆ 1924ರಿಂದ ಆರಂಭವಾಗುತ್ತದೆ. ಅವರಲ್ಲಿ ಯಾರೂ ಆ ಸಭೆಯನ್ನು ಕಂಡವರಲ್ಲ. ತಂದೆ ತಾತಂದಿರಿಂದ ಕೇಳಿದವರು. ಆ ವರ್ಷದ ಡಿಸೆಂಬರ್ 26 ಮತ್ತು 27ರಂದು ಟಿಳಕವಾಡಿಯ ಬಯಲಿನಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಜರುಗಿತು. ಮಹಾತ್ಮ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಅಧಿವೇಶನದ ನಗರಕ್ಕೆ 'ವಿಜಯನಗರ'ವೆಂದು ಹೆಸರಿಟ್ಟಿದ್ದರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದು ಅಲ್ಲಿಯೇ. ಜನರಿಗೆ ನೀರೊದಗಿಸಲು ತೋಡಿದ ಬಾವಿಯು ಇಂದಿಗೂ ಕಾಂಗ್ರೆಸ್ ಬಾವಿಯೆಂಬ ಹೆಸರಿನಿಂದ ಉಳಿದಿದೆ.

ಆ ಸಭೆಯಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಧಾರವಾಡದಿಂದ ಬಂದ ಹನ್ನೊಂದು ವರ್ಷದ ಒಬ್ಬಳಿದ್ದಳು. ಮುಂದೆ ಆಕೆಯೇ ಗಂಗೂಬಾಯಿ ಹಾನಗಲ್ಲರೆಂದು ದೇಶವಿಖ್ಯಾತರಾದರು. ಸಾವಿರಾರು ಜನರ ಮುಂದೆ, ಗಾಂಧೀಜಿಯವರ ಸಮ್ಮುಖದಲ್ಲಿ ಹಾಡಿದ ಆ ದಿನದ ಬಗ್ಗೆ ಗಂಗೂಬಾಯಿಯವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಅವರ ಮನದಲ್ಲಿ ಅಂದು ಹಾಡಿನ ಅಳುಕಿಗಿಂತ ಬೇರೊಂದು ಅಳುಕಿತ್ತಂತೆ. ಕೆಳಜಾತಿಯವಳೆಂದು ಊಟದ ಹೊತ್ತಿನಲ್ಲಿ ತನ್ನನ್ನು ಬೇರೆಯಾಗಿ ಕಾಣುವರೇ, ಎಂಜಲೆಲೆ ತೆಗೆಯಲು ಹೇಳುವರೇ ಎಂಬ ಭಯವದು.

ಈ ಪ್ರಸಂಗವನ್ನು ನನಗೆ ಹೇಳಿದವರು ಟಿಳಕವಾಡಿಯ ನಿವೃತ್ತ ಶಿಕ್ಷಕಿಯೊಬ್ಬರು. "ಕೇಳಿದವರು ಹಾಡನ್ನು ನೆನಪಿಟ್ಟರು, ಹಾಡಿದ ಮಗು ಪಂಕ್ತಿಯನ್ನು ನೆನಪಿಟ್ಟಿತು. ಎರಡನ್ನೂ ಕೂಡಿಸಿದರೇ ಆ ದಿನದ ಚಿತ್ರ ಪೂರ್ಣವಾಗುತ್ತದೆ" ಎಂದರು ಅವರು. ಸಹಪಂಕ್ತಿಯ ಬೆಲೆಯನ್ನು ಎಂಟು ಶತಮಾನಗಳ ಹಿಂದೆಯೇ ಅರಿತ ಶರಣರ ನಾಡಿನಲ್ಲಿ, ಹಾಡುವ ಕೂಸಿನ ಎದೆಯಲ್ಲಿ ಅಂಥ ಭಯವಿತ್ತೆಂಬುದು ನಾವೆಲ್ಲ ತಲೆತಗ್ಗಿಸಿ ನೆನೆಯಬೇಕಾದ ಸಂಗತಿ.

ಇದೇ ತಾಯಿಯವರು ಬಾಲ್ಯದಲ್ಲಿ ಬೈಠಕ್ಕುಗಳನ್ನು ಕೇಳಿದ ರೀತಿಯನ್ನೂ ವಿವರಿಸಿದರು. ವಾಡೆಯ ಪಡಸಾಲೆಯಲ್ಲಿ ಗಂಡಸರು ಜಮಖಾನೆಯ ಮೇಲೆ ಕುಳಿತರೆ, ಹೆಣ್ಣುಮಕ್ಕಳು ಅಟ್ಟದ ಕಿಟಕಿಯ ಹಿಂದೆಯೋ ಅಡುಗೆಮನೆಯ ಬಾಗಿಲ ಮರೆಯಲ್ಲೋ ನಿಂತು ಕೇಳಬೇಕು. ಗಾಯಕರ ಮುಖ ಕಾಣದು, ದನಿಯಷ್ಟೇ ದಕ್ಕುವುದು. ಮೊದಲ ಸಲ ಗಂಗೂಬಾಯಿಯವರನ್ನು ವೇದಿಕೆಯ ಮೇಲೆ ಕಂಡಾಗ, ಅಷ್ಟು ಗಂಭೀರವೂ ಘನವೂ ಆದ ಕಂಠವು ಆ ಕೃಶದೇಹದಿಂದ ಹೊರಡುತ್ತಿದೆಯೆಂದು ನಂಬುವುದೇ ಅವರಿಗೆ ಕಷ್ಟವಾಯಿತಂತೆ. "ಅಂದಿನಿಂದ ನಾನು ಮುಂದಿನ ಸಾಲಿನಲ್ಲಿಯೇ ಕುಳಿತುಕೊಳ್ಳುತ್ತ ಬಂದೆನು" ಎಂದು ನಕ್ಕರು.

ಸುಳೇಭಾವಿಯ ಬಾಲಕ

ಬೆಳಗಾವಿಗೆ ಸಮೀಪದ ಸುಳೇಭಾವಿಯೂ ನಮ್ಮಂತೆಯೇ ನೇಕಾರರ ಊರು. ಅಲ್ಲಿ 1924ರ ಏಪ್ರಿಲ್ 8ರಂದು ಕೊಂಕಾಳಿಮಠ ಮನೆತನದ ಸಿದ್ಧರಾಮಯ್ಯನವರಿಗೆ ಒಂದು ಗಂಡುಮಗು ಜನಿಸಿತು. ಶಿವಪುತ್ರನೆಂದು ಹೆಸರಿಟ್ಟರು. ತಂದೆ ಸಂಗೀತದ ಹುಚ್ಚಿನವರು. ಮನೆಯಲ್ಲಿ ಗ್ರಾಮಫೋನ್ ಪ್ಲೇಟುಗಳಿದ್ದವು. ಯಾರೂ ಪಾಠ ಹೇಳದಿದ್ದರೂ ದೊಡ್ಡ ದೊಡ್ಡ ಗವಾಯಿಗಳ ಪ್ಲೇಟುಗಳಲ್ಲಿದ್ದುದನ್ನು ಆ ಬಾಲಕ ಯಥಾವತ್ತಾಗಿ ಹಾಡಿತೋರಿಸತೊಡಗಿದನು. ಏಳರ ಪ್ರಾಯದಲ್ಲಿ ಅವನ ಗಾಯನ ಕೇಳಿ ಬೆರಗಾದ ಗುರುಕಲ್ಮಠದ ಸ್ವಾಮಿಗಳು 'ಕುಮಾರ ಗಂಧರ್ವ'ನೆಂದು ಹರಸಿದರು. ಮಠವೊಂದು ಮಗುವಿಗೆ ಕೊಟ್ಟ ಹೆಸರು ಮುಂದೆ ಇಡೀ ಭಾರತದ ಹೆಸರಾಯಿತು.

ಆ ದಿನಗಳ ಗ್ರಾಮಫೋನ್ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷಗಳ ಗಾಯನ ಮಾತ್ರ. ಅದೇ ರಾಗವು ಬೈಠಕ್ಕಿನಲ್ಲಿ ಒಂದು ತಾಸು ಹರಿಯುತ್ತಿತ್ತು. ಪ್ಲೇಟಿನಲ್ಲಿ ಕೇಳಿದ್ದು ರಾಗದ ಮುಖಪರಿಚಯ, ಎದುರಿಗೆ ಕುಳಿತು ಕೇಳಿದ್ದು ಅದರ ಸಹವಾಸ ಎಂದು ಶಹಾಪುರದ ಹಿರಿಯರೊಬ್ಬರು ಹೇಳಿದ ಮಾತು ನನಗೆ ತುಂಬ ಒಪ್ಪಿತವಾಯಿತು.

1936ರಿಂದ ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರಲ್ಲಿ ಕಲಿತ ಕುಮಾರ ಗಂಧರ್ವರು ಬೆಳೆಬೆಳೆಯುತ್ತಿರುವಾಗಲೇ ಕ್ಷಯರೋಗಕ್ಕೆ ತುತ್ತಾದರು. ಒಣಹವೆಯ ಊರೆಂದು 1948ರಲ್ಲಿ ಮಾಳವದ ದೇವಾಸಕ್ಕೆ ಹೋಗಿ ನೆಲೆಸಿದರು. ವರ್ಷಗಳ ಕಾಲ ಹಾಡಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಒಂದು ಶ್ವಾಸಕೋಶದ ಶಕ್ತಿ ಕುಂದಿದ ಮೇಲೆ ಅವರು ಮರಳಿ ಹಾಡಿದ ರೀತಿಯೇ ಬೇರೆಯಾಗಿತ್ತು: ಚಿಕ್ಕ ಚಿಕ್ಕ ಸ್ವರಗುಚ್ಛಗಳು, ನಡುವೆ ತುಂಬಿದ ಮೌನ, ಮಾಳವದ ಜನಪದ ಧಾಟಿಗಳು, ಕಬೀರರ ನಿರ್ಗುಣ ಭಜನೆಗಳು. "ಹಾಸಿಗೆ ಹಿಡಿದ ಕಾಲದಲ್ಲಿ ಅವರೇ ಕೇಳುಗರಾಗಿದ್ದರು. ಓಣಿಯಲ್ಲಿ ಹಾಡುತ್ತ ಹೋಗುವವರ ಹಾಡನ್ನು ಕೇಳಿಯೇ ಹೊಸ ಗಾಯಕರಾಗಿ ಎದ್ದರು" ಎಂದು ಅದೇ ಹಿರಿಯರು ವಿವರಿಸಿದರು. ಕುಮಾರರು 1992ರ ಜನವರಿ 12ರಂದು ದೇವಾಸದಲ್ಲಿ ಕಾಲವಶರಾದರು. ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರವು ಅವರ ಹೆಸರನ್ನು ಹೊತ್ತು ನಿಂತಿದೆ. ಆ ಹೆಸರಿನ ಹಿಂದಿನ ಬಾಲಕನು ಹತ್ತಿರದ ಸುಳೇಭಾವಿಯವನೆಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಜನ ಬಲ್ಲರು?

ರೈಲು ಹತ್ತಿ ಕುಂದಗೋಳಕ್ಕೆ

ಸಂಗೀತಕ್ಕಾಗಿ ಊರು ಬಿಟ್ಟು ಹೋಗುವುದೂ ಆ ಪೀಳಿಗೆಗೆ ಸಹಜವಾಗಿತ್ತು. ಎಂಬತ್ತು ದಾಟಿದ ನೇಕಾರರೊಬ್ಬರು ತಮ್ಮ ಕುಂದಗೋಳ ಯಾತ್ರೆಯನ್ನು ಬಣ್ಣಿಸಿದರು. ಬೆಳಗಾವಿಯಲ್ಲಿ ರೈಲು ಹತ್ತಿ, ಖಾನಾಪುರ ದಾಟಿ, ಲೋಂಡಾದಲ್ಲಿ ಇಳಿದು ಬೇರೆ ಗಾಡಿಗೆ ಕಾಯ್ದು, ಧಾರವಾಡ, ಹುಬ್ಬಳ್ಳಿ ಹಾಯ್ದು ಕುಂದಗೋಳ ತಲುಪಬೇಕು. ಬುತ್ತಿಯಲ್ಲಿ ಸಜ್ಜಿರೊಟ್ಟಿ, ಶೇಂಗಾ ಚಟ್ನಿ. ಮೂವರು ಗೆಳೆಯರಿಗೆ ಸೇರಿ ಒಂದೇ ಹೊದಿಕೆ.

ಕುಂದಗೋಳದ ನಾಡಗೀರ ವಾಡೆಯು ಸಂಗೀತಪ್ರಿಯರಿಗೆ ಒಂದು ಕ್ಷೇತ್ರವೇ ಸರಿ. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು ಉಸ್ತಾದ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಅವರಲ್ಲಿ ಕಲಿಯಲು ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು. ಗದಗ ಸೀಮೆಯ ಬಾಲಕ ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿ ನೀರು ಹೊತ್ತು, ಸೇವೆ ಮಾಡಿ ಕಲಿತರು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಮೇಲೆ ಅವರ ಪುಣ್ಯಸ್ಮರಣೆಯ ಸಂಗೀತೋತ್ಸವವು ಆ ವಾಡೆಯಲ್ಲಿ ನಡೆದುಬಂದಿತು. ದೇಶವೆಲ್ಲ ಸುತ್ತಿ ಕೀರ್ತಿವಂತರಾದ ಮೇಲೆಯೂ ಭೀಮಸೇನರು, ಗಂಗೂಬಾಯಿಯವರು ಅಲ್ಲಿಗೆ ಬಂದು ಗುರುವಿಗೆ ಸ್ವರನೈವೇದ್ಯ ಸಲ್ಲಿಸುತ್ತಿದ್ದರು.

"ಮರದ ಕಂಬಗಳ ನಡುವೆ ಎಲ್ಲರೂ ನೆಲಕ್ಕೇ ಕುಳಿತಿರುತ್ತಿದ್ದೆವು. ಎತ್ತಿನ ಗಾಡಿಯಲ್ಲಿ ಬಂದ ರೈತನೂ ಇದ್ದ, ಹುಬ್ಬಳ್ಳಿಯ ವ್ಯಾಪಾರಿಯೂ ಇದ್ದ. ಎಲ್ಲಿ ತಲೆದೂಗಬೇಕೆಂಬುದು ರೈತನಿಗೆ ಹೆಚ್ಚು ಗೊತ್ತಿರುತ್ತಿತ್ತು. ಸಮ್‌ಗೆ ಬಂದು ಮುಟ್ಟಿದಾಗ ಇಡೀ ವಾಡೆಯೇ ಒಮ್ಮೆಲೆ 'ಆಹಾ' ಎನ್ನುತ್ತಿತ್ತು" ಎಂದು ಆ ಹಿರಿಯರು ಕಣ್ಣು ಮುಚ್ಚಿಕೊಂಡು ಹೇಳಿದರು. ಅವರಿಗೆ ಈಗ ಕಿವಿ ಮಂದವಾಗಿದೆ. ನಾನು ಗಟ್ಟಿಯಾಗಿ ಕೂಗಿ ಪ್ರಶ್ನೆ ಕೇಳಬೇಕಾಯಿತು. ಆದರೆ ಆ 'ಆಹಾ' ಅವರಿಗೆ ಈಗಲೂ ಕೇಳಿಸುತ್ತಿದೆ.

ವಚನಕ್ಕಾಗಿ ಕಾಯ್ದವರು

ನಮ್ಮ ಸಮಾಜದ ಮನೆಗಳಲ್ಲಿ ಶಾಸ್ತ್ರೀಯ ಸಂಗೀತದ ರುಚಿ ಹತ್ತಿದ್ದು ಹೆಚ್ಚಾಗಿ ವಚನ ಗಾಯನದ ದಾರಿಯಿಂದ. ಪಂಡಿತ ಮಲ್ಲಿಕಾರ್ಜುನ ಮನಸೂರರ ಕಛೇರಿಯೆಂದರೆ ನಮ್ಮ ತಾಯಂದಿರು ಕೊನೆಯವರೆಗೆ ಏಳುತ್ತಿರಲಿಲ್ಲ. ಅಪರೂಪದ ರಾಗಗಳಲ್ಲಿ ಖ್ಯಾಲ ಹಾಡಿದ ಮೇಲೆ ಕೊನೆಗೆ ಬುವಾ ಒಂದು ವಚನ ಹಾಡಿಯಾರೆಂಬ ಆಸೆ ಅವರದು.

ಮನಸೂರರು ಹುಟ್ಟಿದ್ದು 1910ರ ಡಿಸೆಂಬರ್ 31ರಂದು, ಧಾರವಾಡದ ಹತ್ತಿರದ ಮನಸೂರ ಗ್ರಾಮದಲ್ಲಿ. ಎಳವೆಯಲ್ಲಿ ನಾಟಕ ಕಂಪನಿಯ ಬಾಲನಟ. ನಂತರ ಮಿರಜಿನಲ್ಲಿ ನೀಲಕಂಠಬುವಾ ಅವರಲ್ಲಿ ಗುರುಕುಲವಾಸ. ಆಮೇಲೆ ಜಯಪುರ ಘರಾಣೆಯ ಮಹಾಪುರುಷ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ ಹಾಗೂ ಭುರ್ಜಿ ಖಾನರಲ್ಲಿ ಶಿಕ್ಷಣ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗೆ ಅಚಲ ಭಕ್ತಿ. ತಮ್ಮ ಮನೆಗೂ 'ಮೃತ್ಯುಂಜಯ'ವೆಂದೇ ಹೆಸರಿಟ್ಟರು. ತಮ್ಮ ಆತ್ಮಕಥೆಯನ್ನು 'ನನ್ನ ರಸಯಾತ್ರೆ'ಯೆಂದು ಕರೆದರು. ಪದ್ಮವಿಭೂಷಣ ಬಂದ 1992ನೇ ವರ್ಷದಲ್ಲಿಯೇ, ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾದರು.

ವಚನವನ್ನು ಹಾಡುವುದು ಸುಲಭವಲ್ಲ. ಖ್ಯಾಲದ ಬಂದಿಶ್‌ನಲ್ಲಿ ನಾಲ್ಕಾರು ಶಬ್ದಗಳಿದ್ದರೆ ಸಾಕು. ಸ್ವರವಿಸ್ತಾರದಲ್ಲಿ ಶಬ್ದ ಕರಗಿದರೂ ಅಡ್ಡಿಯಿಲ್ಲ. ವಚನವಾದರೋ ಮಾತಿನ ರಚನೆ. ಅದರ ಸಾಲುಗಳು ತಾಳದ ಲೆಕ್ಕಕ್ಕೆ ಕಟ್ಟಿದವಲ್ಲ. ಒಂದು ಸಾಲು ಉದ್ದ, ಒಂದು ಗಿಡ್ಡ. ಅರ್ಥವು ಮೆಟ್ಟಿಲು ಮೆಟ್ಟಿಲಾಗಿ ಏರಿ ಅಂಕಿತದಲ್ಲಿ ಬಂದು ನಿಲ್ಲಬೇಕು. ರಾಗವು ಮಿತಿಮೀರಿದರೆ ಅನುಭಾವ ಮರೆಯಾಗುತ್ತದೆ. ಮಾತೇ ಮುಂದಾದರೆ ಗಾಯನ ಸೊರಗುತ್ತದೆ. ಮನಸೂರರು ಈ ಎರಡರ ನಡುವೆ ಹಿಡಿದ ಹದವನ್ನು ನೆನೆದು ನಮ್ಮ ಓಣಿಯ ಅಜ್ಜಿಯೊಬ್ಬರು ಹೇಳಿದರು: "ವಚನ ನಮಗೆ ಬಾಯಿಪಾಠ ಇತ್ತು. ಆದರೆ ಅವರು ಹಾಡಿದಾಗ ಅದರ ಅರ್ಥ ಮೊದಲ ಸಲ ತಿಳಿದ ಹಾಂಗ ಆತು."

ಪಂಡಿತ ಬಸವರಾಜ ರಾಜಗುರುಗಳ ಹೆಸರು ಬಂದಾಗ ಹಿರಿಯರ ಮುಖ ಅರಳುತ್ತದೆ. ಕುಂದಗೋಳ ಸೀಮೆಯ ಯಲಿವಾಳದ ಈ ಗಾಯಕರು ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಶಿಷ್ಯರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ ನಡೆದಾಗ ತರುಣ ಬಸವರಾಜರು ಹಾಡಿದರು. ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳಾದ ಪಂಚಾಕ್ಷರಿ ಗವಾಯಿಗಳು. ಶಿಷ್ಯನ ಹಾಡಿಗೆ ಗುರುವೇ ಠೇಕಾ ಹಿಡಿದ ಆ ದೃಶ್ಯವನ್ನು ಕಂಡವರು ಧನ್ಯರು. ರಾಜಗುರುಗಳು ಕಂಠರಕ್ಷಣೆಗಾಗಿ ಎಲ್ಲಿಗೆ ಹೋದರೂ ತಮ್ಮ ಕುಡಿಯುವ ನೀರನ್ನು ತಾವೇ ಒಯ್ಯುತ್ತಿದ್ದರೆಂಬುದು ಸಂಗೀತಪ್ರಿಯರೆಲ್ಲ ಬಲ್ಲ ಸಂಗತಿ. ಖ್ಯಾಲ, ಠುಮರಿ, ನಾಟ್ಯಗೀತೆ, ವಚನ, ಎಲ್ಲವೂ ಅವರ ಬುತ್ತಿಯಲ್ಲಿದ್ದವು. 1991ರಲ್ಲಿ ಅವರೂ ನಮ್ಮನ್ನಗಲಿದರು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಈ ಮಾತು ಮುಗಿಯದು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಅಂಧ ಬಾಲಕ ಪಂಚಾಕ್ಷರಿ ಗವಾಯಿಗಳಾಗಿ, ತಮ್ಮಂತಹ ನೂರಾರು ಅಂಧ ಅನಾಥ ಮಕ್ಕಳಿಗೆ ಸಂಗೀತದ ಕಣ್ಣು ಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೂ ಆ ದಾಸೋಹವನ್ನು ನಡೆಸಿದರು. ಶ್ರಾವಣ ಮಾಸದಲ್ಲಿ ನಮ್ಮ ಸೀಮೆಯ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಪ್ರವಚನ ನಡೆಯುವಾಗ ಆ ಆಶ್ರಮದಲ್ಲಿ ಕಲಿತ ಗವಾಯಿಗಳು ಪೇಟಿ, ತಬಲಾಗಳೊಡನೆ ಬರುವ ಪದ್ಧತಿಯುಂಟು. ಟಿಕೀಟು ಕೊಂಡು ರಂಗಮಂದಿರಕ್ಕೆ ಹೋಗಲಾರದ ಎಷ್ಟೋ ಬಡ ಕುಟುಂಬಗಳು ಮೊದಲ ಬಾರಿಗೆ ಶುದ್ಧವಾದ ಭೀಮಪಲಾಸವನ್ನೋ ಯಮನವನ್ನೋ ಕೇಳಿದ್ದು ಗುಡಿಯ ಕಟ್ಟೆಯ ಮೇಲೆ ಕುಳಿತುಕೊಂಡೇ.

ಪೇಟಿಯ ಹಿಂದಿನ ಬೆರಳುಗಳು

ಗಾಯಕರನ್ನು ಎಲ್ಲರೂ ನೆನೆಯುತ್ತಾರೆ. ಸಾಥಿದಾರರನ್ನು ನೆನೆಯುವವರು ನಿಜವಾದ ಶ್ರೋತೃಗಳು. ಬೆಳಗಾವಿಯಲ್ಲಿ ಈ ಮಾತು ಬಂದರೆ ಮೊದಲ ಹೆಸರು ಪಂಡಿತ ರಾಮಭಾವು ವಿಜಾಪುರೆಯವರದು. 1917ರಲ್ಲಿ ಕಾಗವಾಡದಲ್ಲಿ ಜನಿಸಿ, ಬೆಳಗಾವಿಯಲ್ಲಿ ನೆಲೆಸಿ, ಹಲವು ತಲೆಮಾರುಗಳ ಗಾಯಕರಿಗೆ ಹಾರ್ಮೋನಿಯಂ ಸಾಥಿ ನೀಡಿದವರು. ನೂರಾರು ಶಿಷ್ಯರಿಗೆ ಕಲಿಸಿದವರು. 2010ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿ ಇಂದಿನ ಪೀಳಿಗೆಗೆ ತಿಳಿಯದ ಒಂದು ವಿಷಯವುಂಟು. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಹಾಕಿತು. ಅದರ ಸ್ವರಗಳು ಸ್ಥಿರವಾದವು, ನಮ್ಮ ರಾಗಗಳ ಸೂಕ್ಷ್ಮ ಶ್ರುತಿಗಳೂ ಮೀಂಡವೂ ಅದರಲ್ಲಿ ಬಾರವು ಎಂಬುದು ಆಗಿನ ವಾದ. ಸುಮಾರು ಮೂರು ದಶಕ ಆ ನಿರ್ಬಂಧ ನಡೆಯಿತು. 1971ರಿಂದಷ್ಟೇ ಅದು ಸಡಿಲವಾಯಿತು. ಆದ್ದರಿಂದ ಆ ಕಾಲದಲ್ಲಿ ಧಾರವಾಡ ಆಕಾಶವಾಣಿಯಲ್ಲಿ ಗಾಯನ ಕೇಳಿದವರಿಗೆ ಸಾರಂಗಿ ಕೇಳುತ್ತಿತ್ತೇ ಹೊರತು ಪೇಟಿ ಕೇಳುತ್ತಿರಲಿಲ್ಲ. ವಿಜಾಪುರೆಯವರಂಥವರ ಬೆರಳುಗಳ ಚಮತ್ಕಾರ ತಿಳಿಯಬೇಕಾದರೆ ಬೈಠಕ್ಕಿಗೇ ಹೋಗಬೇಕಿತ್ತು. ಅವರ ಆ ದಿನಗಳ ಕಲೆಯು ಬಹುಮಟ್ಟಿಗೆ ಎದುರಿಗೆ ಕುಳಿತಿದ್ದವರ ನೆನಪಿನಲ್ಲಿ ಮಾತ್ರ ಉಳಿದಿದೆ. ಆ ನೆನಪು ಹೊತ್ತವರು ಈಗ ಬೆರಳೆಣಿಕೆಯ ಜನ.

ದೀಪ ಆರಿದ ಇರುಳು

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ತಂದೆಯವರ ಸಮವಯಸ್ಕರಾದ ಇಬ್ಬರು ಹಿರಿಯರನ್ನು ಒಂದು ಸಂಜೆ ನಮ್ಮ ಮನೆಗೆ ಕರೆದಿದ್ದೆನು. ಚಹಾ ಕುಡಿಯುತ್ತ ಅವರಿಬ್ಬರೂ ತಾವಾಗಿಯೇ ಒಂದು ಇರುಳಿನ ಮಾತು ತೆಗೆದರು. ಗಣೇಶೋತ್ಸವದ ದಿನಗಳು. ಮಂಟಪದಲ್ಲಿ ಒಬ್ಬರಾದ ಮೇಲೊಬ್ಬರಂತೆ ಮೂವರು ಗಾಯಕರು ಹಾಡುವವರಿದ್ದರು. ಮಳೆ ಬಂದು ನಿಂತಿತ್ತು. ಮಧ್ಯರಾತ್ರಿಯ ಸುಮಾರಿಗೆ ವಿದ್ಯುತ್ತು ಹೋಯಿತು. ಧ್ವನಿವರ್ಧಕ ನಿಂತಿತು, ದೀಪಗಳೆಲ್ಲ ಆರಿದವು. ಗಾಯಕರು ಹಾಡು ನಿಲ್ಲಿಸಲಿಲ್ಲ. ಹಿಂದೆ ಕುಳಿತಿದ್ದ ಜನ ಸದ್ದು ಮಾಡದೆ ಎದ್ದು ಮುಂದೆ ಮುಂದೆ ಸರಿದು ವೇದಿಕೆಯ ಸುತ್ತ ಒತ್ತಿಕೊಂಡು ಕುಳಿತರು. ಯಾರೋ ಒಂದು ಕಂದೀಲು ತಂದಿಟ್ಟರು. ತಂಬೂರಿಯ ನಾದವೂ ಕೇಳುವಷ್ಟು ಮೌನ. ಹಾಗೆಯೇ ಬೆಳಗಾಯಿತು.

ಇಷ್ಟರವರೆಗೆ ಇಬ್ಬರದೂ ಒಂದೇ ಮಾತು. ಬೆಳಗಿನ ಜಾವ ಹಾಡಿದ ರಾಗ ಯಾವುದೆಂಬಲ್ಲಿ ಜಗಳ ಆರಂಭವಾಯಿತು. ಒಬ್ಬರು ಲಲಿತವೆಂದರು, ಇನ್ನೊಬ್ಬರು ಭಟಿಯಾರವೆಂದರು. ಎರಡರಲ್ಲಿಯೂ ಎರಡು ಮಧ್ಯಮಗಳುಂಟು. ಆದರೆ ಲಲಿತದಲ್ಲಿ ಪಂಚಮ ವರ್ಜ್ಯ. "ಪಂಚಮ ನಾನೇ ಕೇಳಿದ್ದೇನೆ" ಎಂದು ಒಬ್ಬರು, "ನಿದ್ದೆಗಣ್ಣಿನಲ್ಲಿ ಕೇಳಿರಬೇಕು" ಎಂದು ಇನ್ನೊಬ್ಬರು. ಆಗ ನಾನು ಟ್ರಂಕಿನ ಪತ್ರಿಕೆಯನ್ನು ತಂದು ಅವರ ಮುಂದಿಟ್ಟೆನು. ಪೂರಿಯಾ, ಮಾಲಕಂಸ, ಲಲಿತ. ಭಟಿಯಾರವೆಂದವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ಆ ಅಕ್ಷರಗಳನ್ನು ನೋಡಿದರು. "ಅಂದು ನಿಮ್ಮ ತಂದೆಯವರು ನನ್ನ ಮಗ್ಗುಲಿಗೇ ಕುಳಿತಿದ್ದರು. ಅವರು ಬರೆದಿದ್ದರೆ ಅದೇ ಸರಿ" ಎಂದು ಮೆಲ್ಲಗೆ ಹೇಳಿದರು.

ಅದು ಅದೇ ಇರುಳಿನ ಪತ್ರಿಕೆಯೆಂದು ಖಚಿತವಾಗಿ ಹೇಳಲು ನನ್ನಲ್ಲಿ ಆಧಾರವಿಲ್ಲ. ಬೆಳಗಿನ ಜಾವ ಹಾಡಿದವರು ಯಾರೆಂಬುದರಲ್ಲಿಯೂ ಆ ಹಿರಿಯರಿಗೆ ಒಮ್ಮತ ಬರಲಿಲ್ಲ. ಸಂದೇಹವಿರುವ ಹೆಸರನ್ನು ಅಚ್ಚು ಹಾಕುವುದು ಆ ಕಲಾವಿದರಿಗೂ ನನ್ನ ತಂದೆಯವರಿಗೂ ಮಾಡುವ ನ್ಯಾಯವಲ್ಲ. ಹತ್ತು ವರ್ಷ ಮೊದಲು ಕೇಳಿದ್ದರೆ ತಂದೆಯವರೇ ಒಂದು ಮಾತಿನಲ್ಲಿ ಹೇಳಿಬಿಡುತ್ತಿದ್ದರು. ಆ ಕೊರತೆಯನ್ನು ಇನ್ನು ಯಾರೂ ತುಂಬಿಕೊಡಲಾರರು.

ಇರುಳ ರಾಗಗಳಿಗೆ ಇರುಳೇ ಇಲ್ಲ

ಇಂದು ಬೆಳಗಾವಿಯಲ್ಲಿ ಸಂಗೀತವಿಲ್ಲವೆಂದಲ್ಲ. ಕುಮಾರ ಗಂಧರ್ವ ರಂಗಮಂದಿರ, ಲೋಕಮಾನ್ಯ ರಂಗಮಂದಿರಗಳಿವೆ. ಆರ್ಟ್ ಸರ್ಕಲ್‌ನಂಥ ಸಂಸ್ಥೆಗಳು ದಶಕಗಳಿಂದ ಕಛೇರಿಗಳನ್ನು ಏರ್ಪಡಿಸಿವೆ. ಆಸನಗಳು ಮೆತ್ತಗಿವೆ, ಧ್ವನಿವ್ಯವಸ್ಥೆ ಉತ್ತಮವಾಗಿದೆ. ಅಜ್ಜಿಯರು ಬಾಗಿಲ ಮರೆಯಲ್ಲಿ ನಿಲ್ಲಬೇಕಾಗಿಲ್ಲ. ಇವೆಲ್ಲ ಒಳ್ಳೆಯ ಬದಲಾವಣೆಗಳೇ.

ಆದರೆ ಒಂದು ನಷ್ಟವೂ ಆಗಿದೆ. ಶಬ್ದಮಾಲಿನ್ಯ ತಡೆಯಲು 2000ದಲ್ಲಿ ಬಂದ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ರೋಗಿಗಳಿಗೆ, ಹಸುಗೂಸುಗಳಿಗೆ, ಓದುವ ಮಕ್ಕಳಿಗೆ ಅದರಿಂದ ಉಪಕಾರವಾಗಿದೆ; ಆ ನಿಯಮವನ್ನು ದೂರಲಾಗದು. ಆದರೂ ಅದರಿಂದಾಗಿ ಅಹೋರಾತ್ರಿ ಸಂಗೀತದ ಪದ್ಧತಿಯು ಕುಗ್ಗಿತು. ಇರುಳಿಡೀ ನಡೆದು ಬೆಳಗಿನಲ್ಲಿ ಮುಗಿಯುತ್ತಿದ್ದ ಪುಣೆಯ ಸವಾಯಿ ಗಂಧರ್ವ ಮಹೋತ್ಸವವೂ ತನ್ನ ವೇಳೆಯನ್ನು ಬದಲಿಸಿಕೊಳ್ಳಬೇಕಾಯಿತು. ನಮ್ಮ ರಾಗಗಳಿಗೆ ಪ್ರಹರಗಳ ಕಟ್ಟು ಉಂಟು: ಸಂಜೆಗೆ ಪೂರಿಯಾ, ಯಮನ, ನಡುರಾತ್ರಿಗೆ ಮಾಲಕಂಸ, ದರಬಾರಿ, ಬೆಳಗಿನ ಜಾವಕ್ಕೆ ಲಲಿತ, ಮುಕ್ತಾಯಕ್ಕೆ ಭೈರವಿ. ಸಂಜೆ ಆರಕ್ಕೆ ತೊಡಗಿ ಒಂಬತ್ತೂವರೆಗೆ ಮುಗಿಯುವ ಕಛೇರಿಯಲ್ಲಿ ಲಲಿತಕ್ಕೆ ಎಡೆಯೆಲ್ಲಿ? ಕತ್ತಲೆಯು ಕರಗುವ ಹೊತ್ತಿಗೆ ಆ ರಾಗವನ್ನು ಎದುರಿಗೆ ಕುಳಿತು ಕೇಳಿದ ಕೊನೆಯ ಪೀಳಿಗೆಯು ನಮ್ಮ ಕಣ್ಣ ಮುಂದೆಯೇ ಸರಿಯುತ್ತಿದೆ.

ನಮ್ಮ ಮನೆಗಳಲ್ಲಿ ಆಗಬೇಕಾದುದು

ಇದನ್ನು ಕೇವಲ ನಿಟ್ಟುಸಿರಿನಿಂದ ಮುಗಿಸಬಾರದು. ನಮ್ಮ ಕೈಯಲ್ಲಿರುವ ಕೆಲಸಗಳು ಚಿಕ್ಕವು, ಖರ್ಚಿಲ್ಲದವು.

ಮೊದಲನೆಯದಾಗಿ, ಮನೆಯಲ್ಲಿ ಹಾಡು ಕೇಳಿದ ಹಿರಿಯರಿದ್ದರೆ ಈ ವಾರವೇ ಅವರ ಹತ್ತಿರ ಕುಳಿತುಕೊಳ್ಳಿರಿ. ಯಾರ ಹಾಡು, ಯಾವ ಊರು, ಯಾವ ವಾಡೆ ಅಥವಾ ಗುಡಿ, ಸಾಥಿಗ್ಯಾರು, ಯಾರೊಡನೆ ಹೋಗಿದ್ದಿರಿ ಎಂದು ಕೇಳಿ ಬರೆದಿಡಿರಿ. ಇಂದು ಎಲ್ಲರ ಕೈಯಲ್ಲಿ ಮೊಬೈಲ್ ಫೋನಿದೆ. ಅವರ ದನಿಯನ್ನೇ ಹಿಡಿದಿಡಬಹುದು. ಹಳೆಯ ಪತ್ರಿಕೆ, ಟಿಕೀಟು, ಭಾವಚಿತ್ರಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತಿರುವಿ ನೋಡಿರಿ.

ಎರಡನೆಯದಾಗಿ, ಮಕ್ಕಳನ್ನು ವರ್ಷಕ್ಕೆ ಎರಡು ಸಲವಾದರೂ ಎದುರಿಗೆ ಕುಳಿತು ಹಾಡು ಕೇಳಲು ಕರೆದೊಯ್ಯಿರಿ. ರಂಗಮಂದಿರಕ್ಕೇ ಆಗಬೇಕೆಂದಿಲ್ಲ, ಶ್ರಾವಣದ ಪ್ರವಚನಕ್ಕೆ ಬಂದ ಗವಾಯಿಗಳ ಮುಂದೆ ಅರ್ಧ ತಾಸು ಕೂಡಿಸಿದರೂ ಸಾಕು. ಮಗು ನಿದ್ದೆ ಹೋದರೆ ಹೋಗಲಿ. ತಾಯಿಯ ತೊಡೆಯ ಮೇಲೆ ಮಲಗಿ ಕೇಳಿದ ಸ್ವರವು ಎಲ್ಲಿಗೂ ಹೋಗುವುದಿಲ್ಲ.

ಮೂರನೆಯದಾಗಿ, ಧ್ವನಿವರ್ಧಕವಿಲ್ಲದ ಬೈಠಕ್ಕಿಗೆ ಯಾವ ನಿಯಮದ ಅಡ್ಡಿಯೂ ಇಲ್ಲ. ನಮ್ಮ ಪಡಸಾಲೆಗಳು, ಮಠದ ಸಭಾಂಗಣಗಳು ಇನ್ನೂ ಇವೆ. ಇಪ್ಪತ್ತು ಜನ ನೆಲದ ಮೇಲೆ ಕುಳಿತು, ಒಬ್ಬ ಎಳೆಯ ಗಾಯಕನನ್ನು ಬೆಳಗಿನ ಜಾವ ಹಾಡಿಸಿದರೆ ಲಲಿತವು ಮತ್ತೆ ತನ್ನ ಹೊತ್ತಿಗೆ ಮರಳುತ್ತದೆ.

ನಮ್ಮ ಮನೆಯಲ್ಲಿ ಈ ಕೆಲಸ ಆರಂಭವಾಗಿದೆ. ಆ ಇಬ್ಬರು ಹಿರಿಯರು ತಿಂಗಳಿಗೊಮ್ಮೆ ಬರುತ್ತಾರೆ. ಒಂದೊಂದು ಇರುಳಿನ ಕಥೆ ಹೇಳುತ್ತಾರೆ. ನನ್ನ ಮೊಮ್ಮಗಳು ಬರೆದುಕೊಳ್ಳುತ್ತಾಳೆ. ಕಳೆದ ಸಲ ಅವಳು ತಾನಾಗಿಯೇ ಕೇಳಿದಳು: "ಅಜ್ಜಾ, ನೀನು ಕೇಳಿದ ಹಾಡುಗಳನ್ನು ಯಾರು ಬರೆದುಕೊಂಡಿದ್ದಾರೆ?" ಮುಂದಿನ ತಿಂಗಳ ಸರದಿ ನನ್ನದೆಂದು ಗೊತ್ತಾಗಿದೆ.